ಸಂಶಯದೊಡನೆ ದೇವಾಲಯಕ್ಕೆ ಹೋದ ಜಾನ್ ವೆಸ್ಲಿಯವರು

ಜಾನ್ ವೆಸ್ಲಿಯವರ ಹೆಸರು ದಾವಣಗೆರೆ ಹರಿಹರಗಳ ಕ್ರೈಸ್ತ ಕುಟುಂಬಗಳಿಗೆ ಹೊಸತಲ್ಲ. 1947ನೆಯ ಇಸವಿ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯು ಏರ್ಪಡುವುದಕ್ಕೆ ಮುಂಚೆ ಈ ಸೀಮೆಯ ನಮ್ಮ ಸಭೆಗಳು ವೆಸ್ಲಿಯನ್ ಮಿಷನ್ನಿನ ಆರೈಕೆಯಲ್ಲಿ ಬೆಳೆದವು. ದಾವಣಗೆರೆಯು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಇದೆಲ್ಲವೂ ಚಿತ್ರದುರ್ಗ ಜಿಲ್ಲೆಯಾಗಿದ್ದ ಕಾಲದ ಮಾತನ್ನು ಹಿರಿಯರು ಆಡುವಾಗ, ವೆಸ್ಲಿಯನ್ ಎಂಬ ಮಾತು ಅವರ ಬಾಯಲ್ಲಿ ತಾನಾಗಿ ಬರುತ್ತದೆ. ಆದರೆ ಆ ಮಾತಿನ ಹಿಂದೆ ಇದ್ದ ಮನುಷ್ಯನನ್ನು ಬಲ್ಲವರು ಸ್ವಲ್ಪವೇ. ಬಲ್ಲವರ ಕಣ್ಣಿಗಾದರೂ ಕಾಣುವುದು ಕುದುರೆಯ ಮೇಲೆ ಕುಳಿತು ಊರೂರು ತಿರುಗಿ, ಮಳೆಗೂ ಬಿಸಿಲಿಗೂ ಅಂಜದೆ, ಒಂದು ದಿನವೂ ಅನುಮಾನಪಡದೆ ಸುವಾರ್ತೆಯನ್ನು ಸಾರಿದ ಬೋಧಕರ ಚಿತ್ರ. ಮಳೆ, ಬಿಸಿಲು, ಕುದುರೆ ಇವೆಲ್ಲ ನಿಜ. ಅನುಮಾನಪಡಲಿಲ್ಲವೆಂಬುದು ಮಾತ್ರ ನಿಜವಲ್ಲ.

ಈ ಸಂಚಿಕೆಗೆ ಅವರ ಜೀವನವನ್ನು ನಾವು ಆರಿಸಿಕೊಂಡುದಕ್ಕೆ ಕಾರಣವುಂಟು. ನಮ್ಮಲ್ಲಿ ಓದಿ ಬೆಂಗಳೂರು, ಹುಬ್ಬಳ್ಳಿ, ಮುಂಬಯಿಗಳಲ್ಲಿಯೂ ಹೊರದೇಶಗಳಲ್ಲಿಯೂ ನೆಲೆಸಿರುವ ಹಳೆಯ ವಿದ್ಯಾರ್ಥಿನಿಯರು ಕ್ರಿಸ್ಮಸ್ ರಜೆಯಲ್ಲಿ ಊರಿಗೆ ಬಂದಾಗ ನಮ್ಮನ್ನು ಕಾಣಲು ಬರುವುದುಂಟು. ಮನೆಯ ಸಮಾಚಾರ, ಮಕ್ಕಳ ಸಮಾಚಾರ ಮುಗಿದ ಮೇಲೆ ಕೆಲವರು ತುಸು ತಡೆದು ಮತ್ತೊಂದು ಮಾತನ್ನು ಎತ್ತುತ್ತಾರೆ. ಭಾನುವಾರದ ಶಾಲೆಯಲ್ಲಿ ಕಲಿತಾಗ ಇದ್ದ ನಂಬಿಕೆ ಈಗ ಇಲ್ಲ. ಎಲ್ಲರೊಡನೆ ಎದ್ದುನಿಂತು ವಿಶ್ವಾಸಪ್ರಮಾಣವನ್ನು ಹೇಳುವಾಗ ನಾಲಿಗೆ ತಡವರಿಸುತ್ತದೆ. ಹೀಗಿರಲು ಆರಾಧನೆಗೆ ಹೋಗಿ ಕುಳಿತುಕೊಳ್ಳುವುದು ಕಪಟವಲ್ಲವೇ, ಮನೆಯಲ್ಲಿ ಇದ್ದುಬಿಡುವುದೇ ಪ್ರಾಮಾಣಿಕತೆಯಲ್ಲವೇ, ಎಂಬುದು ಅವರ ಪ್ರಶ್ನೆ. ಇದೇ ಪ್ರಶ್ನೆಯನ್ನು ತಾಯಿತಂದೆಗಳು ಬೇರೊಂದು ದನಿಯಲ್ಲಿ ತರುತ್ತಾರೆ. ಮಗಳು ಕೈತಪ್ಪಿದಳೆಂಬ ಅಳುಕು ಅವರದು. ಇದು ಈಗಿನ ಕಾಲದ ಪಟ್ಟಣದ ಕಾಯಿಲೆಯೆಂದು ಅವರು ಭಾವಿಸುತ್ತಾರೆ. ಆದರೆ ಹದಿನೆಂಟನೆಯ ಶತಮಾನದ ಲಂಡನ್ ಪಟ್ಟಣದಲ್ಲಿ ಇದೇ ಪ್ರಶ್ನೆಯ ಮೇಲೆ ಒಂದು ಸಭೆಯೇ ಎರಡಾಗಿ ಒಡೆಯಿತು. ಒಡೆದವರಲ್ಲಿ ಒಂದು ಪಕ್ಷದ ಮುಂದಾಳು ವೆಸ್ಲಿಯವರು.

ಅವರು ಹುಟ್ಟಿದ್ದು 1703ರ ಜೂನ್ ತಿಂಗಳಲ್ಲಿ, ಇಂಗ್ಲೆಂಡಿನ ಲಿಂಕನ್‌ಷೈರ್ ಸೀಮೆಯ ಎಪ್ವರ್ತ್ ಎಂಬ ಗ್ರಾಮದಲ್ಲಿ. ತಂದೆ ಸಾಮ್ಯುಯೆಲ್ ವೆಸ್ಲಿಯವರು ಆ ಊರಿನ ಸಭಾಪಾಲಕರು, ವಿದ್ವಾಂಸರು, ಸಾಲಗಾರರು. ತಾಯಿ ಸುಸನ್ನಮ್ಮನವರು ಹತ್ತೊಂಬತ್ತು ಮಕ್ಕಳನ್ನು ಹೆತ್ತು, ಅವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳನ್ನು ಎಳೆತನದಲ್ಲಿಯೇ ಮಣ್ಣಿಗೆ ಕೊಟ್ಟವರು. ಉಳಿದವರಿಗೆ ಮನೆಯಲ್ಲಿಯೇ ಪಾಠಶಾಲೆಯನ್ನು ನಡೆಸಿದರು. ದಿನಕ್ಕೆ ಆರು ಗಂಟೆ ಪಾಠ. ಐದು ವರ್ಷ ತುಂಬಿದ ಮಗುವಿಗೆ ಒಂದೇ ದಿನದಲ್ಲಿ ಅಕ್ಷರಗಳನ್ನು ಕಲಿಸಬೇಕೆಂಬುದು ಆ ತಾಯಿಯ ಕ್ರಮ. ಇಬ್ಬರು ಹೆಣ್ಣುಮಕ್ಕಳಿಗೆ ಮಾತ್ರ ಒಂದೂವರೆ ದಿನ ಹಿಡಿಯಿತಂತೆ. ಹೆಣ್ಣುಮಕ್ಕಳಿಗೆ ಚೆನ್ನಾಗಿ ಓದಲು ಬರುವ ತನಕ ಹೊಲಿಗೆಯ ಕೆಲಸಕ್ಕೆ ಕೂರಿಸಬಾರದೆಂದು ಅವರು ನಿಯಮ ಮಾಡಿದ್ದರು. ಈ ನಿಯಮವನ್ನು ನಾವು ಬಹಳವಾಗಿ ಮೆಚ್ಚುತ್ತೇವೆ. ಇದಲ್ಲದೆ ವಾರದಲ್ಲಿ ಒಂದೊಂದು ಸಂಜೆ ಒಂದೊಂದು ಮಗುವಿನೊಡನೆ ಏಕಾಂತವಾಗಿ ಕುಳಿತು ಅದರ ಮನಸ್ಸಿನ ವಿಷಯವನ್ನು ಕೇಳುತ್ತಿದ್ದರು. ಜಾನ್ ಅವರ ಪಾಲಿಗೆ ಗುರುವಾರ ಬಂದಿತ್ತು. ದೊಡ್ಡವರಾದ ಮೇಲೆಯೂ ಆ ಗುರುವಾರದ ಸಂಜೆಗಳನ್ನು ಅವರು ಮರೆಯಲಿಲ್ಲ.

1709ರ ಫೆಬ್ರವರಿ ತಿಂಗಳ ಒಂದು ರಾತ್ರಿ ಆ ಮನೆಗೆ ಬೆಂಕಿ ಬಿದ್ದಿತು. ಐದು ವರ್ಷದ ಜಾನ್ ಮೇಲಿನ ಕೋಣೆಯಲ್ಲಿ ಸಿಕ್ಕಿಕೊಂಡಿದ್ದರು. ಏಣಿ ತರಲು ಹೊತ್ತಿರಲಿಲ್ಲ. ಕೆಳಗಿದ್ದವರಲ್ಲಿ ಒಬ್ಬನು ಮತ್ತೊಬ್ಬನ ಹೆಗಲ ಮೇಲೆ ನಿಂತು ಕಿಟಕಿಯಿಂದ ಮಗುವನ್ನು ಎಳೆದುಕೊಂಡನು. ಮರುಕ್ಷಣವೇ ಮಾಡು ಕುಸಿಯಿತು. ಮೂರು ವರ್ಷಗಳ ತರುವಾಯ, ತಂದೆಯವರು ಲಂಡನ್ನಿನಲ್ಲಿದ್ದ ಒಂದು ಚಳಿಗಾಲದಲ್ಲಿ, ಸುಸನ್ನಮ್ಮನವರು ಭಾನುವಾರ ಸಂಜೆ ಅಡಿಗೆಮನೆಯಲ್ಲಿ ಮಕ್ಕಳಿಗೂ ಆಳುಗಳಿಗೂ ಪ್ರಾರ್ಥನೆ ನಡೆಸಿ ಪ್ರಸಂಗವನ್ನು ಓದಿ ಹೇಳುತ್ತಿದ್ದರು. ನೆರೆಹೊರೆಯವರು ಬರತೊಡಗಿ, ಇನ್ನೂರು ಜನರ ಮಟ್ಟಿಗೆ ಕೂಡಿದರು. ತಂದೆಯವರ ಬದಲಿಗೆ ಇದ್ದ ಬೋಧಕರಿಗೆ ಇದು ಹಿಡಿಸದೆ ದೂರು ಬರೆದರು. ಗಂಡನು ನಿಲ್ಲಿಸಬೇಕೆಂದು ಬರೆದಾಗ ಸುಸನ್ನಮ್ಮನವರು, ಸ್ಪಷ್ಟವಾಗಿ ಆಜ್ಞೆ ಮಾಡಿದರೆ ನಿಲ್ಲಿಸುವೆನು, ಆಮೇಲೆ ನ್ಯಾಯತೀರ್ಪಿನ ದಿನದಲ್ಲಿ ಅದರ ಉತ್ತರವಾದವು ನಿಮ್ಮದು ಎಂಬರ್ಥದ ಮಾರುತ್ತರವನ್ನು ಕಳುಹಿಸಿದರು. ಆಜ್ಞೆ ಬರಲಿಲ್ಲ.

ಇಂಥ ಮನೆಯಿಂದ ಹೊರಟ ಹುಡುಗನು ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಯಲ್ಲಿ ಓದಿ, 1720ರಲ್ಲಿ ಆಕ್ಸ್‌ಫರ್ಡಿಗೆ ಸೇರಿ, 1726ರಲ್ಲಿ ಅಲ್ಲಿಯ ಲಿಂಕನ್ ಕಾಲೇಜಿನ ಫೆಲೋ ಆಗಿ, 1728ರಲ್ಲಿ ಗುರುಪಟ್ಟವನ್ನು ಹೊಂದಿದರು. ತಮ್ಮನಾದ ಚಾರ್ಲ್ಸ್ ಮೊದಲಾದ ಕೆಲವರು ಯುವಕರು ಕೂಡಿಕೊಂಡು ಗೊತ್ತಾದ ಹೊತ್ತಿಗೆ ಏಳುವುದು, ವಾರಕ್ಕೆರಡು ದಿನ ಉಪವಾಸ, ವಾರವಾರವೂ ಕರ್ತನ ಭೋಜನ, ಸೆರೆಮನೆಗೆ ಹೋಗಿ ಕೈದಿಗಳನ್ನು ಕಾಣುವುದು ಎಂದು ಕ್ರಮವಾಗಿ ನಡೆದುಕೊಳ್ಳುತ್ತಿದ್ದರು. ಇವರ ಕ್ರಮವನ್ನು ಕಂಡು ಕಾಲೇಜಿನವರು ಹಾಸ್ಯಕ್ಕಾಗಿ ಇಟ್ಟ ಹೆಸರೇ ಮೆಥೊಡಿಸ್ಟ್ ಎಂಬುದು. ಕ್ರಮಕ್ಕೇನೂ ಕೊರತೆಯಿರಲಿಲ್ಲ. ನೆಮ್ಮದಿಗೆ ಮಾತ್ರ ಕೊರತೆಯಿತ್ತು.

1735ರಲ್ಲಿ ತಂದೆಯವರು ತೀರಿಕೊಂಡ ಮೇಲೆ ಸಹೋದರರಿಬ್ಬರೂ ಅಮೆರಿಕದ ಜಾರ್ಜಿಯಾ ಸೀಮೆಗೆ ಹಡಗು ಹತ್ತಿದರು. 1736ರ ಜನವರಿಯಲ್ಲಿ ನಡುಗಡಲಿನಲ್ಲಿ ಬಿರುಗಾಳಿಯೆದ್ದು, ದೊಡ್ಡ ಹಾಯಿ ಹರಿದು, ಅಲೆಯು ಹಡಗಿನ ಮೇಲೆ ಹಾದು ನೀರು ಒಳಕ್ಕೆ ನುಗ್ಗಿತು. ಇಂಗ್ಲಿಷಿನವರು ಚೀರಿಕೊಂಡರು. ಅದೇ ಹಡಗಿನಲ್ಲಿದ್ದ ಮೊರೇವಿಯನ್ ಪಂಗಡದ ಜರ್ಮನರು ಆಗ ಆರಾಧನೆಯಲ್ಲಿದ್ದರು. ಅವರು ಹಾಡುತ್ತಿದ್ದ ಕೀರ್ತನೆಯನ್ನು ನಿಲ್ಲಿಸಲಿಲ್ಲ. ಬಿರುಗಾಳಿ ನಿಂತ ಮೇಲೆ ವೆಸ್ಲಿಯವರು ಅವರಲ್ಲೊಬ್ಬನ ಬಳಿಗೆ ಹೋಗಿ, ನಿಮ್ಮ ಹೆಂಗಸರೂ ಮಕ್ಕಳೂ ಹೆದರಲಿಲ್ಲವೇ ಎಂದು ಕೇಳಿದರು. ಅವರಿಗೆ ಸಾವಿನ ಭಯವಿಲ್ಲವೆಂದು ಉತ್ತರ ಬಂತು. ಗುರುಪಟ್ಟವಾದವರಿಗೆ ಸಾವಿನ ಭಯವಿತ್ತು, ಜರ್ಮನ್ ಕುಶಲಕರ್ಮಿಗಳ ಮನೆಯ ಹೆಂಗಸರಿಗೆ ಇರಲಿಲ್ಲ. ಈ ಲೆಕ್ಕವನ್ನು ವೆಸ್ಲಿಯವರು ತಮ್ಮ ದಿನಚರಿಯಲ್ಲಿ ಮರೆಮಾಚದೆ ಬರೆದಿಟ್ಟರು.

ಜಾರ್ಜಿಯಾದಲ್ಲಿ ಅವರ ಕೆಲಸ ಕೆಟ್ಟಿತು. ಅಲ್ಲಿಯ ಮುಖ್ಯಾಧಿಕಾರಿಯ ಹೆಂಡತಿಗೆ ಸಂಬಂಧಿಯಾಗಿದ್ದ ಸೋಫಿ ಹಾಪ್ಕಿ ಎಂಬ ತರುಣಿಯ ಮೇಲೆ ಅವರಿಗೆ ಮನಸ್ಸಾಗಿತ್ತು. ಕೇಳಲೋ ಬೇಡವೋ ಎಂದು ತಿಂಗಳುಗಟ್ಟಲೆ ಹಿಂದುಮುಂದು ನೋಡುತ್ತಿರುವಷ್ಟರಲ್ಲಿ ಆಕೆಯು 1737ರ ಮಾರ್ಚಿಯಲ್ಲಿ ಬೇರೊಬ್ಬನನ್ನು ಮದುವೆಯಾದಳು. ಅದೇ ಆಗಸ್ಟ್ ತಿಂಗಳಲ್ಲಿ, ಸಭೆಯ ನಿಯಮವನ್ನು ಪಾಲಿಸಲಿಲ್ಲವೆಂಬ ಕಾರಣ ಹೇಳಿ, ವೆಸ್ಲಿಯವರು ಆಕೆಗೆ ಎಲ್ಲರೆದುರಿಗೆ ಕರ್ತನ ಭೋಜನವನ್ನು ಕೊಡಲಿಲ್ಲ. ಆಕೆಯ ಗಂಡನು ನ್ಯಾಯಸ್ಥಾನಕ್ಕೆ ಹೋದನು, ಊರೇ ಎರಡಾಯಿತು, ಡಿಸೆಂಬರಿನಲ್ಲಿ ವೆಸ್ಲಿಯವರು ಇಂಗ್ಲೆಂಡಿಗೆ ಹಿಂದಿರುಗಿದರು. ಅವರ ಜೀವನಚರಿತ್ರೆಯನ್ನು ಬರೆದವರಲ್ಲಿ ಕೆಲವರು ಈ ಪ್ರಸಂಗವನ್ನು ತೇಲಿಸಿಬಿಡುತ್ತಾರೆ. ಹೆಣ್ಣುಮಕ್ಕಳ ಶಾಲೆಯವರಾದ ನಾವು ಹಾಗೆ ಮಾಡಲಾರೆವು. ನಿಯಮವು ಕಾಗದದ ಮೇಲೆ ಸರಿಯಾಗಿದ್ದಿರಬಹುದು. ಆದರೆ ತಾನು ಬಯಸಿದ ಹುಡುಗಿಯನ್ನು ಮೇಜಿನಿಂದ ಎಬ್ಬಿಸಿ ಕಳುಹಿಸಿದ ಬೋಧಕನ ಕೈ ನಿರ್ಮಲವಾಗಿತ್ತೆಂದು ಯಾರು ಹೇಳಬಲ್ಲರು? ಮೂರೇ ವರ್ಷಗಳಲ್ಲಿ ಅದೇ ಮೇಜಿನ ಬಾಗಿಲನ್ನು ಸಂಶಯಪಡುವವರಿಗೆಲ್ಲ ತೆರೆಯಬೇಕೆಂದು ವಾದಿಸಿದವರೂ ಇವರೇ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

1738ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ದಡದಲ್ಲಿ ಇಳಿದಾಗ ಅವರಿಗೆ ಮೂವತ್ತನಾಲ್ಕು ವರ್ಷ. ಅನ್ಯರನ್ನು ತಿರುಗಿಸಲು ಹೋದ ತನ್ನನ್ನು ತಿರುಗಿಸುವವರು ಯಾರು ಎಂಬುದು ಅವರ ಚಿಂತೆಯಾಗಿತ್ತು. ಆ ತಿಂಗಳಲ್ಲಿಯೇ ಪೀಟರ್ ಬೋಲರ್ ಎಂಬ ಮೊರೇವಿಯನ್ ಬೋಧಕರ ಪರಿಚಯವಾಯಿತು. ಇವರಿನ್ನೂ ಇಪ್ಪತ್ತೈದು ವರ್ಷದವರು. ಬೋಲರರ ಸಂಗಡ ಮಾತಾಡಿದಷ್ಟೂ ವೆಸ್ಲಿಯವರಿಗೆ ತಮ್ಮಲ್ಲಿ ನಂಬಿಕೆಯಿಲ್ಲವೆಂಬುದೇ ಖಚಿತವಾಯಿತು. ಮಾರ್ಚಿ ತಿಂಗಳ ಮೊದಲಲ್ಲಿ, ಚಾರ್ಲ್ಸ್ ಆಕ್ಸ್‌ಫರ್ಡಿನಲ್ಲಿ ಕಾಯಿಲೆ ಬಿದ್ದಿದ್ದಾಗ, ತನ್ನಲ್ಲಿಯೇ ಇಲ್ಲದ ನಂಬಿಕೆಯನ್ನು ಇತರರಿಗೆ ಬೋಧಿಸುವುದು ತಪ್ಪು, ಪೀಠವನ್ನು ಬಿಟ್ಟುಬಿಡುವೆನು ಎಂದು ನಿಶ್ಚಯಿಸಿ ಅವರು ಬೋಲರರನ್ನು ಕೇಳಿದರು. ನಮ್ಮ ಹಳೆಯ ವಿದ್ಯಾರ್ಥಿನಿಯರ ಪ್ರಶ್ನೆಯೇ ಇದು. ಕೇಳಿದವರು ಮಾತ್ರ ಆಕ್ಸ್‌ಫರ್ಡಿನ ಪಂಡಿತರು. ಬಿಡಕೂಡದೆಂದು ಬೋಲರರು ಹೇಳಿದರು. ನಂಬಿಕೆ ಬರುವ ತನಕ ನಂಬಿಕೆಯನ್ನೇ ಬೋಧಿಸುತ್ತಿರಬೇಕು, ಬಂದ ಮೇಲೆ ಬಂದುದರಿಂದಲೇ ಬೋಧಿಸುವಿರಿ ಎಂಬುದು ಅವರ ಸಲಹೆಯ ತಾತ್ಪರ್ಯ. ಮಾರ್ಚಿ 6ನೆಯ ತಾರೀಖು ಸೋಮವಾರ ವೆಸ್ಲಿಯವರು ಹಾಗೆಯೇ ಆರಂಭಿಸಿದರು. ಮೊದಲು ಕೇಳಿದವನು ಮರಣದಂಡನೆಗೆ ಗುರಿಯಾಗಿದ್ದ ಒಬ್ಬ ಕೈದಿ.

ಮೇ 24ರ ಸಂಗತಿಯನ್ನು ಭಾನುವಾರದ ಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ಆ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ಒಬ್ಬನು ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರರ ಮುನ್ನುಡಿಯನ್ನು ಓದುತ್ತಿರುವಾಗ, ಒಂಬತ್ತಕ್ಕೆ ಕಾಲು ಗಂಟೆಯಿರಲು, ವೆಸ್ಲಿಯವರ ಎದೆ ಬೆಚ್ಚಗಾಗಿ ಕ್ಷಮೆಯ ನಿಶ್ಚಯ ದೊರಕಿತು. ಆದರೆ ಪಾಠದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಎರಡು ಸಣ್ಣ ವಿಷಯಗಳುಂಟು. ಆ ಮಧ್ಯಾಹ್ನ ಅವರು ಸಂತ ಪೌಲನ ದೊಡ್ಡ ದೇವಾಲಯದ ಆರಾಧನೆಗೆ ಹೋಗಿ, ಆಳದೊಳಗಿಂದ ಮೊರೆಯಿಡುವ 130ನೆಯ ಕೀರ್ತನೆಯನ್ನು ಗಾಯಕರು ಹಾಡುವುದನ್ನು ಕೇಳಿದ್ದರು. ಸಂಜೆಯ ಕೂಟಕ್ಕಾದರೋ ಹೋಗಲು ಮನಸ್ಸೇ ಇರಲಿಲ್ಲ. ಮನಸ್ಸಿಲ್ಲದೆಯೇ ಹೋದುದಾಗಿ ಅವರೇ ಬರೆದಿದ್ದಾರೆ. ಮನಸ್ಸು ಬಂದ ಮೇಲೆ ಹೋಗೋಣವೆಂದು ಆ ಸಂಜೆ ಕೋಣೆಯಲ್ಲಿ ಕುಳಿತಿದ್ದರೆ ಏನಾಗುತ್ತಿತ್ತೋ ದೇವರೇ ಬಲ್ಲನು.

ಅಲ್ಲಿಗೆ ಕಥೆ ಮುಗಿಯಲಿಲ್ಲ. ಅದೇ ರಾತ್ರಿ ಮನೆಗೆ ಬಂದ ಮೇಲೆ ಅನುಮಾನಗಳು ಮತ್ತೆ ಮುತ್ತಿಕೊಂಡವು. ಇದು ನಂಬಿಕೆಯಾಗಿದ್ದರೆ ಸಂತೋಷವೆಲ್ಲಿ ಎಂದು ಅವರು ತಮ್ಮನ್ನೇ ಕೇಳಿಕೊಂಡರು. 1739ರ ಜನವರಿ 4ರಂದು, ಎಂದರೆ ಆ ಸಂಜೆಯಾಗಿ ಏಳೆಂಟು ತಿಂಗಳಾದ ಮೇಲೆ, ತಾನು ಕ್ರೈಸ್ತನೇ ಅಲ್ಲವೆಂದು ದಿನಚರಿಯಲ್ಲಿ ಬರೆದರು. ಹಾಗೆ ಬರೆದ ವರ್ಷದಲ್ಲಿಯೇ, ಏಪ್ರಿಲ್ 2ರಂದು, ಬ್ರಿಸ್ಟಲ್ ಪಟ್ಟಣದ ಹೊರಗೆ ಬಯಲಿನಲ್ಲಿ ನಿಂತು ಬೋಧಿಸಲಾರಂಭಿಸಿದರು. ದೇವಾಲಯದ ಮೆಟ್ಟಿಲು ತುಳಿಯದಿದ್ದ ಕಲ್ಲಿದ್ದಲ ಗಣಿಯ ಕೆಲಸಗಾರರು ಸಾವಿರಗಟ್ಟಲೆ ನೆರೆದರು.

ಈಗ ಒಡಕಿನ ಸಂಗತಿಗೆ ಬರುತ್ತೇವೆ. ಲಂಡನ್ನಿನ ಫೆಟರ್ ಲೇನ್ ಎಂಬ ಓಣಿಯಲ್ಲಿ ವೆಸ್ಲಿಯವರೂ ಮೊರೇವಿಯನ್ನರೂ ಸೇರಿದ ಒಂದು ಕೂಟವಿತ್ತು. 1739ರ ಅಕ್ಟೋಬರಿನಲ್ಲಿ ಮೋಲ್ಟರ್ ಎಂಬ ಮೊರೇವಿಯನ್ ಬೋಧಕರು ಅಲ್ಲಿಗೆ ಬಂದರು. ಅವರ ಉಪದೇಶ ಇಷ್ಟು: ಎಳ್ಳಷ್ಟೂ ಸಂಶಯವಿಲ್ಲದ ನಂಬಿಕೆಯೇ ನಂಬಿಕೆ, ಅದಿಲ್ಲದವನಿಗೆ ನಂಬಿಕೆಯೇ ಇಲ್ಲ, ಅದು ಬರುವ ತನಕ ಅವನು ಸುಮ್ಮನಿರಬೇಕು. ಸುಮ್ಮನಿರುವುದೆಂದರೆ ದೇವಾಲಯಕ್ಕೆ ಹೋಗದೆ, ಕರ್ತನ ಭೋಜನವನ್ನು ತೆಗೆದುಕೊಳ್ಳದೆ, ಸತ್ಯವೇದವನ್ನು ಓದದೆ, ಪ್ರಾರ್ಥಿಸದೆ ಕಾದಿರುವುದು. ನವೆಂಬರ್ ಮೊದಲನೆಯ ದಿನ ವೆಸ್ಲಿಯವರು ಲಂಡನ್ನಿಗೆ ಬಂದಾಗ ಅವರಿಗೆ ಮೊದಲು ಎದುರಾದವಳು ಒಬ್ಬ ಹೆಂಗಸು. ಅವರು ಊರಿಗೆ ಹೋಗುವಾಗ ಆಕೆ ನಂಬಿಕೆಯಲ್ಲಿಯೂ ಸತ್ಕ್ರಿಯೆಯಲ್ಲಿಯೂ ಗಟ್ಟಿಯಾಗಿದ್ದಳು. ಈಗ ತನಗೆ ಎಂದೂ ನಂಬಿಕೆಯಿರಲಿಲ್ಲವೆಂದು ತಿಳಿಯಿತು, ಆದುದರಿಂದ ಎಲ್ಲವನ್ನೂ ಬಿಟ್ಟು ಸುಮ್ಮನಿದ್ದೇನೆ ಎಂದಳು. ಆಕೆಯ ಹೆಸರು ಇಲ್ಲಿ ಬೇಕಿಲ್ಲ. ಅಂಥ ಮಾತನ್ನು ನಾವು ನಮ್ಮ ಕಚೇರಿಯ ಕೋಣೆಯಲ್ಲಿ ಅನೇಕರ ಬಾಯಿಂದ ಕೇಳಿದ್ದೇವೆ.

ಮೋಲ್ಟರರ ಪಕ್ಷದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಬಾಯಿಪಾಠದ ಭಕ್ತಿಯ ಮೇಲೆ ಒರಗಿಕೊಂಡು, ಭಾನುವಾರ ಹೋಗಿಬಂದೆನೆಂಬ ತೃಪ್ತಿಯಲ್ಲಿ ಮಿಕ್ಕ ಆರು ದಿನ ಹೇಗೆಂದರೆ ಹಾಗೆ ಬದುಕುವ ಜನ ಆಗಲೂ ಇದ್ದರು, ಈಗಲೂ ಇದ್ದಾರೆ. ವೆಸ್ಲಿಯವರೇ ಆಕ್ಸ್‌ಫರ್ಡಿನಲ್ಲಿ ವರ್ಷಗಟ್ಟಲೆ ಉಪವಾಸ ಮಾಡಿಯೂ ನೆಮ್ಮದಿ ಕಾಣದವರು. ಹೊರಗಿನ ಕ್ರಮವೊಂದೇ ಸಾಲದೆಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದಾಗ್ಯೂ ಅವರು ಮೋಲ್ಟರರನ್ನು ಒಪ್ಪಲಿಲ್ಲ. ನಂಬಿಕೆಗೆ ಮೆಟ್ಟಿಲುಗಳುಂಟು, ಬಲಹೀನವಾದ ನಂಬಿಕೆಯೂ ನಂಬಿಕೆಯೇ, ಸಂಶಯವೂ ಅದೂ ಒಂದೇ ಹೃದಯದಲ್ಲಿ ಜೊತೆಗೆ ಇರಬಲ್ಲವು ಎಂಬುದು ಅವರ ಮೊದಲನೆಯ ವಾದ. ಆರಾಧನೆ, ಪ್ರಾರ್ಥನೆ, ವೇದವಾಚನ, ಕರ್ತನ ಭೋಜನ ಇವು ಕೃಪಾಸಾಧನಗಳು. ಇದ್ದವರಿಗೆ ಬಹುಮಾನವಾಗಿ ಕೊಟ್ಟವುಗಳಲ್ಲ, ಇಲ್ಲದವರು ಕಾದಿರುವುದಕ್ಕಾಗಿ ಕೊಟ್ಟವುಗಳು ಎಂಬುದು ಎರಡನೆಯದು. ಕಾಯುವವನು ದಾರಿಯ ಬದಿಯಲ್ಲಿ ಕಾಯಬೇಕೇ ಹೊರತು ಮನೆಯ ಹಿತ್ತಲಲ್ಲಿ ಅಲ್ಲ ಎಂದು ನಮ್ಮ ಮಾತಿನಲ್ಲಿ ಹೇಳಬಹುದು. 1740ರ ಜೂನ್ ಕೊನೆಯಲ್ಲಿ ಕರ್ತನ ಭೋಜನದ ವಿಷಯವಾಗಿಯೇ ಬೋಧಿಸುತ್ತ, ಆ ಮೊದಲನೆಯ ರಾತ್ರಿ ಮೇಜಿನ ಸುತ್ತ ಕುಳಿತಿದ್ದ ಶಿಷ್ಯರಿಗೇ ಇನ್ನೂ ಪವಿತ್ರಾತ್ಮವರವು ದೊರೆತಿರಲಿಲ್ಲವೆಂಬುದನ್ನು ಎತ್ತಿ ತೋರಿಸಿದರು. ಮೇಜಿಗೆ ಬರುವವರು ತರಬೇಕಾದ ಯೋಗ್ಯತೆಯೊಂದೇ. ತನ್ನಲ್ಲಿ ಏನೂ ಇಲ್ಲವೆಂಬ ಅರಿವು.

ಈ ವಾದಕ್ಕೆ ಅವರ ಕೈಯಲ್ಲಿ ಒಂದು ಸಾಕ್ಷ್ಯವಿತ್ತು. ಅದು ಅವರ ಹೆತ್ತ ತಾಯಿಯದು. ಸುಸನ್ನಮ್ಮನವರಿಗೆ ಆಗ ಎಪ್ಪತ್ತು ವರ್ಷ. ಬೋಧಕರ ಮಗಳು, ಬೋಧಕರ ಹೆಂಡತಿ, ಬೋಧಕರ ತಾಯಿ. ಅಡಿಗೆಮನೆಯಲ್ಲಿ ಇನ್ನೂರು ಜನಕ್ಕೆ ಪ್ರಸಂಗವನ್ನು ಓದಿದವರು. ಅಂಥವರು 1739ರ ಸೆಪ್ಟೆಂಬರಿನಲ್ಲಿ ಮಗನೊಡನೆ ಮಾತಾಡುತ್ತ, ತಮ್ಮ ಪಾಪಗಳು ಈಗಲೇ ಕ್ಷಮಿಸಲ್ಪಟ್ಟಿವೆಯೆಂಬ ನಿಶ್ಚಯವನ್ನು ಮನುಷ್ಯರು ಹೊಂದಬಹುದೆಂಬ ಮಾತನ್ನೇ ಇತ್ತೀಚಿನವರೆಗೆ ತಾವು ಕೇಳಿರಲಿಲ್ಲವೆಂದೂ, ತಮಗಾಗಿ ಬೇಡಿಕೊಳ್ಳುವ ಧೈರ್ಯವೂ ಇರಲಿಲ್ಲವೆಂದೂ ಹೇಳಿದರು. ಎರಡು ಮೂರು ವಾರಗಳ ಹಿಂದೆ ಅಳಿಯನಾದ ಹಾಲ್ ಎಂಬ ಬೋಧಕರು ಕರ್ತನ ಭೋಜನದ ಪಾತ್ರೆಯನ್ನು ಕೈಗೆ ಕೊಡುತ್ತ ವಾಡಿಕೆಯ ಮಾತುಗಳನ್ನು ಹೇಳುತ್ತಿರುವಾಗ ಆ ನಿಶ್ಚಯವು ಹೃದಯಕ್ಕೆ ನಾಟಿತಂತೆ. ಆ ಮಾತುಗಳನ್ನು ಅವರು ಅದಕ್ಕೆ ಮುಂಚೆ ನೂರಾರು ಸಾರಿ ಕೇಳಿದ್ದರು. ನೂರಾರು ಸಾರಿ ಏನೂ ಆಗದೆ ಮನೆಗೆ ಹಿಂದಿರುಗಿ ಮಕ್ಕಳಿಗೆ ಊಟ ಬಡಿಸಿದ್ದರು. ಮೋಲ್ಟರರ ಮಾತನ್ನು ಈ ತಾಯಿ ಇಪ್ಪತ್ತನೆಯ ವಯಸ್ಸಿನಲ್ಲಿ ಕೇಳಿ ನಡೆದಿದ್ದರೆ ಐವತ್ತು ವರ್ಷ ಆ ಮೇಜಿನ ಹತ್ತಿರವೇ ಬರುತ್ತಿರಲಿಲ್ಲ.

1740ರ ಜುಲೈ 20ರಂದು ಫೆಟರ್ ಲೇನಿನ ಕೂಟದಲ್ಲಿ ವೆಸ್ಲಿಯವರು ಒಂದು ಸಣ್ಣ ಕಾಗದವನ್ನು ಓದಿ ಹೊರಟುಬಿಟ್ಟರು. ಹಿಂದೆ ಎದ್ದು ಬಂದವರು ಹದಿನೆಂಟೋ ಹತ್ತೊಂಬತ್ತೋ ಮಂದಿ. ಮೂರು ದಿನಗಳ ಮೇಲೆ, ಹಿಂದೆ ಫಿರಂಗಿಗಳನ್ನು ಎರಕ ಹೊಯ್ಯುತ್ತಿದ್ದ ಫೌಂಡರಿ ಎಂಬ ಹಾಳು ಕಟ್ಟಡದಲ್ಲಿ ಅವರು ಕೂಡಿದಾಗ ಗಂಡಸರು ಸುಮಾರು ಇಪ್ಪತ್ತೈದು ಮಂದಿ ಇದ್ದರು. ಹೆಂಗಸರ ಲೆಕ್ಕವನ್ನೂ ಅವರು ಬರೆದಿಟ್ಟಿದ್ದಾರೆ: ಹಳೆಯ ಕೂಟದ ಗುಂಪುಗಳಲ್ಲಿದ್ದ ಐವತ್ತು ಮಂದಿ ಹೆಂಗಸರಲ್ಲಿ ನಾಲ್ವತ್ತೇಳೋ ನಾಲ್ವತ್ತೆಂಟೋ ಮಂದಿ ಇವರ ಕಡೆಗೆ ಬಂದರು. ಕಾರಣವನ್ನು ಅವರು ಬರೆಯಲಿಲ್ಲ. ಸುಮ್ಮನಿದ್ದು ಕಾಯುವುದಕ್ಕೆ ಬಿಡುವಿರುವುದು ಗಂಡಸರಿಗೇ ಎಂಬುದು ನಮ್ಮ ಊಹೆ. ಹೆಂಗಸರಿಗೆ ಭಾನುವಾರದ ಆ ಒಂದು ಗಂಟೆಯೂ ತಪ್ಪಿದರೆ ಮತ್ತೆ ಒಲೆಯ ಮುಂದೆಯೇ.

ಹೊಸ ಕೂಟದ ನಿಯಮಗಳು 1743ರಲ್ಲಿ ಅಚ್ಚಾದವು. ಸೇರಬಯಸುವವರಿಗೆ ಇಟ್ಟ ಷರತ್ತು ಒಂದೇ: ಪಾಪದಿಂದ ಬಿಡುಗಡೆ ಹೊಂದಬೇಕೆಂಬ ಬಯಕೆ. ಇಂಥಿಂಥದನ್ನು ನಿಸ್ಸಂಶಯವಾಗಿ ನಂಬುತ್ತೇನೆಂದು ಬರೆದುಕೊಡಬೇಕಾಗಿರಲಿಲ್ಲ. ಸೇರಿದ ಮೇಲೆ ಆ ಬಯಕೆಯನ್ನು ನಡತೆಯಿಂದ ತೋರಿಸಬೇಕಾಗಿತ್ತು: ಕೇಡು ಮಾಡದಿರುವುದು, ಕೈಲಾದ ಒಳ್ಳೆಯದನ್ನು ಮಾಡುವುದು, ಆರಾಧನೆ ಮೊದಲಾದ ಕೃಪಾಸಾಧನಗಳನ್ನು ಬಿಡದಿರುವುದು. ಇದಕ್ಕೆ ಒಂದು ವರ್ಷ ಮೊದಲೇ, ಬ್ರಿಸ್ಟಲಿನ ಕೂಟದ ಕಟ್ಟಡದ ಸಾಲ ತೀರಿಸುವುದಕ್ಕಾಗಿ, ಹನ್ನೆರಡು ಮಂದಿಗೊಬ್ಬ ಮುಂದಾಳಿನಂತೆ ಗುಂಪು ಮಾಡಿ, ವಾರಕ್ಕೆ ತಲೆಗೊಂದು ಪೆನ್ನಿಯನ್ನು ಮನೆಮನೆಗೆ ಹೋಗಿ ಎತ್ತುವ ಏರ್ಪಾಡಾಗಿತ್ತು. ಪೆನ್ನಿಗಾಗಿ ಹೋದವರು ಮನೆಯ ಕಷ್ಟಸುಖವನ್ನು ಕಂಡು ಬಂದರು; ಕಾಯಿಲೆಯವರ ಸಂಗತಿಯೂ ಕುಡುಕರ ಸಂಗತಿಯೂ ತಿಳಿಯಿತು; ಸಾಲಕ್ಕೆಂದು ಹುಟ್ಟಿದ ಏರ್ಪಾಡು ಸಾಲ ತೀರಿದರೂ ಉಳಿಯಿತು.

ಆರಾಧನೆಗೆ ಹೋಗುವುದರಲ್ಲಿ ನಂಬಿಕೆ ಸಡಿಲವಾದವಳಿಗೆ ಏನು ದೊರೆಯುತ್ತದೆಂದು ಕೇಳುವವರಿಗೆ ನಾವು ಈ ಪೆನ್ನಿಯ ಕಥೆಯನ್ನು ಹೇಳುತ್ತೇವೆ. ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ನಮ್ಮ ಸಭೆಯ ಒಬ್ಬ ಮುದುಕಿಯು ಎರಡು ಭಾನುವಾರ ತನ್ನ ಸ್ಥಳದಲ್ಲಿ ಕಾಣದಿದ್ದರೆ ಮೂರನೆಯ ಭಾನುವಾರಕ್ಕೆ ಮುಂಚೆ ಯಾರಾದರೂ ಅವಳ ಬಾಗಿಲು ತಟ್ಟುತ್ತಾರೆ. ಸುಗ್ಗಿಯ ಹಬ್ಬದಲ್ಲಿ ತಂದಿಟ್ಟ ಕುಂಬಳಕಾಯಿಯನ್ನೂ ಕೋಳಿಯನ್ನೂ ಹರಾಜು ಕೂಗುವಾಗ, ಕೂಗುವವರ ನಂಬಿಕೆ ಎಷ್ಟು ತೂಕವೆಂದು ಯಾರೂ ತೂಗುವುದಿಲ್ಲ. ಹೆರಿಗೆಯಾದ ಮನೆಗೆ, ಸಾವಾದ ಮನೆಗೆ ಅಯ್ಯನವರ ಹಿಂದೆ ಹೋಗುವವರಲ್ಲಿ ಗಟ್ಟಿ ನಂಬಿಕೆಯವರೂ ಉಂಟು, ಅಲ್ಲದವರೂ ಉಂಟು. ದುಃಖದಲ್ಲಿದ್ದವಳಿಗೆ ಅವರ ಕೈಯ ಬಿಸಿ ಒಂದೇ. ಇದು ನಮ್ಮವರಲ್ಲಿ ಮಾತ್ರ ಕಾಣುವ ಸಂಗತಿಯಲ್ಲ. ತುಂಗಭದ್ರೆಯ ದಡದಲ್ಲಿ 1224ರಲ್ಲಿ ಕಟ್ಟಿದ ಹರಿಹರೇಶ್ವರನ ಗುಡಿಯಲ್ಲಿ ಹರಿಯೂ ಹರನೂ ಒಂದೇ ವಿಗ್ರಹವಾಗಿ ನಿಂತಿದ್ದಾರೆ. ಅಲ್ಲಿ ಕೈಮುಗಿಯುವವರೆಲ್ಲರೂ ಆ ವಿಷಯದ ಶಾಸ್ತ್ರಾರ್ಥವನ್ನು ಮುಗಿಸಿಕೊಂಡೇ ಒಳಕ್ಕೆ ಬರುವರೆಂದು ಆ ಊರಿನ ನಮ್ಮ ಪೋಷಕರು ಯಾರೂ ಹೇಳಲಾರರು.

ವೆಸ್ಲಿಯವರ ಮುಂದಿನ ಕಾರ್ಯಗಳು ಸಾಮಾನ್ಯವಾಗಿ ತಿಳಿದವೇ. 1746ರಲ್ಲಿ ಫೌಂಡರಿಯಲ್ಲಿ ಬಡವರಿಗೆ ಔಷಧ ಕೊಡುವ ಏರ್ಪಾಡನ್ನೂ, ಬಡ್ಡಿಯಿಲ್ಲದೆ ಕೈಸಾಲ ಕೊಡುವ ನಿಧಿಯನ್ನೂ ತೆರೆದರು. ಮರುವರ್ಷ ಮನೆಮದ್ದಿನ ಪುಸ್ತಕವೊಂದನ್ನು ಬರೆದು ಅಚ್ಚು ಹಾಕಿಸಿದರು. ಅದರ ಕೆಲವು ಮದ್ದುಗಳನ್ನು ಈ ದಿನ ಯಾರೂ ಪರೀಕ್ಷಿಸದಿರುವುದು ಲೇಸು. 1748ರಲ್ಲಿ ಬ್ರಿಸ್ಟಲಿನ ಬಳಿಯ ಕಿಂಗ್ಸ್‌ವುಡ್‌ನಲ್ಲಿ ಶಾಲೆಯನ್ನು ತೆರೆದರು. ಅಲ್ಲಿ ಮಕ್ಕಳು ಬೆಳಗಿನ ನಾಲ್ಕು ಗಂಟೆಗೆ ಏಳಬೇಕು, ಆಟವೆಂಬುದು ಕೂಡದು, ರಜೆಯೂ ಇಲ್ಲ. ಈ ಒಂದು ವಿಷಯದಲ್ಲಿ ನಾವು ಅವರ ಶಿಷ್ಯರಲ್ಲವೆಂಬುದಕ್ಕೆ ನಮ್ಮ ಶಾಲೆಯ ಥ್ರೋಬಾಲ್ ಅಂಗಳವೇ ಸಾಕ್ಷಿ. 1751ರಲ್ಲಿ ಮೇರಿ ವೆಜೀಲ್ ಎಂಬ ವಿಧವೆಯನ್ನು ಮದುವೆಯಾದರು. ವರ್ಷವಿಡೀ ಊರೂರು ಅಲೆಯುವ ಗಂಡನೊಡನೆ ಆ ಸಂಸಾರ ಹೊಂದಲಿಲ್ಲ, ಆಕೆ ಬಿಟ್ಟುಹೋದಳು. ಅಲೆದಾಟದ ಲೆಕ್ಕ ಎರಡೂವರೆ ಲಕ್ಷ ಮೈಲಿ, ಪ್ರಸಂಗಗಳು ನಾಲ್ವತ್ತು ಸಾವಿರವೆಂದು ಎಣಿಸಿದವರಿದ್ದಾರೆ.

ಇಷ್ಟೆಲ್ಲ ನಡೆಯುತ್ತಿದ್ದ ಕಾಲದಲ್ಲಿಯೇ, 1766ರ ಜೂನ್ 27ರಂದು, ಅರವತ್ತಮೂರರ ಹೊಸ್ತಿಲಲ್ಲಿ ನಿಂತು ಅವರು ತಮ್ಮನಿಗೆ ಒಂದು ಕಾಗದವನ್ನು ಬರೆದರು. ಕೆಲವು ಮಾತುಗಳು ಬೇರೆಯವರ ಕಣ್ಣಿಗೆ ಬೀಳಬಾರದೆಂದೋ ಏನೋ ಶೀಘ್ರಲಿಪಿಯಲ್ಲಿವೆ. ತಾನು ದೇವರನ್ನು ಪ್ರೀತಿಸುವುದಿಲ್ಲ, ಎಂದೂ ಪ್ರೀತಿಸಿದವನಲ್ಲ. ಆದುದರಿಂದ ಕ್ರೈಸ್ತರು ಹೇಳುವ ಅರ್ಥದಲ್ಲಿ ಎಂದೂ ನಂಬಿದವನೂ ಅಲ್ಲ. ಕಾಣದ ಲೋಕದ ವಿಷಯವಾಗಿ ತನಗೆ ನೇರವಾದ ಸಾಕ್ಷಿಯಿಲ್ಲ. ತನಗೇನಾದರೂ ಹೆದರಿಕೆಯಿದ್ದರೆ ಅದು ನರಕಕ್ಕೆ ಬೀಳುವುದರದ್ದಲ್ಲ, ಏನೂ ಇಲ್ಲದಿರುವಲ್ಲಿಗೆ ಬೀಳುವುದರದ್ದು ಎಂಬುದು ಅದರ ಸಾರ. ಹೀಗಿದ್ದೂ ಈ ಕೆಲಸವನ್ನು ಬಿಡಲಾರೆ, ಯಾವುದೋ ಬಲವು ತನ್ನನ್ನು ಒಯ್ಯುತ್ತಿದೆ, ಹಿಂದೆ ನಿಲ್ಲಲು ಶಕ್ಯವಿಲ್ಲ ಎಂದು ಬರೆದು, ನೀನು ನಿನ್ನ ಬೋಧನೆಯಲ್ಲಿ ಹಿಂಜರಿಯಬೇಡವೆಂದು ತಮ್ಮನಿಗೆ ಧೈರ್ಯ ಹೇಳಿ ಮುಗಿಸಿದರು. ಪಂಡಿತರು ಈ ಕ��ಗದವನ್ನು ನಾನಾ ವಿಧವಾಗಿ ಅರ್ಥಮಾಡಿದ್ದಾರೆ. ಬಳಲಿದ ದಿನದ ಮಾತೆಂದು ಕೆಲವರು ತಳ್ಳಿಹಾಕುತ್ತಾರೆ. ನಾವು ತಳ್ಳಿಹಾಕುವುದಿಲ್ಲ. ಮೂವತ್ತನಾಲ್ಕರಲ್ಲಿ ಬಂದ ಸಂಶಯವೇ ಅರವತ್ತಮೂರರಲ್ಲಿಯೂ ಬಂದಿದೆ. ನಡುವಣ ವರ್ಷಗಳಲ್ಲಿ ಅದಕ್ಕೆ ಅಂಜಿ ಅವರು ಒಂದು ಭಾನುವಾರವನ್ನೂ ಬಿಟ್ಟುಕೊಡಲಿಲ್ಲ, ಅದನ್ನು ಅಡಗಿಸಿಡಲೂ ಇಲ್ಲ, ಹೇಳಿಕೊಳ್ಳಬೇಕಾದವರಿಗೆ ಹೇಳಿಕೊಂಡರು. ಕಪಟಿಯು ಹೀಗೆ ಕಾಗದ ಬರೆಯುವುದಿಲ್ಲ.

ಅದಾದ ಮೇಲೆಯೂ ಇಪ್ಪತ್ತನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಅವರು ತಿರುಗಿದರು. ತಾವು ಗುರುಪಟ್ಟ ಹೊಂದಿದ ಇಂಗ್ಲೆಂಡಿನ ಸಭೆಯನ್ನು ಕೊನೆಯ ತನಕ ಬಿಡಲಿಲ್ಲ. ಅವರ ಬಲಗೈಯಂತಿದ್ದ ಥಾಮಸ್ ಕೋಕರು 1814ರಲ್ಲಿ ಸಿಂಹಳಕ್ಕೆ ಬರುವಾಗ ಹಿಂದೂ ಮಹಾಸಾಗರದ ಮೇಲೆ ತೀರಿಕೊಂಡರು. ಜೊತೆಯವರು ದಡ ಸೇರಿ, ಅವರಲ್ಲೊಬ್ಬರು ಮದ್ರಾಸಿಗೆ ಬಂದು, ಅಲ್ಲಿಂದ ಆ ಕೆಲಸವು ಬೆಂಗಳೂರು ಮೈಸೂರುಗಳನ್ನು ಹಿಡಿದು ಕಾಲಕ್ರಮದಲ್ಲಿ ನಮ್ಮ ಸೀಮೆಯನ್ನೂ ಮುಟ್ಟಿತು.

ವೆಸ್ಲಿಯವರು ಲಂಡನ್ನಿನ ಸಿಟಿ ರೋಡ್ ಮನೆಯಲ್ಲಿ 1791ರ ಮಾರ್ಚಿ 2ರಂದು, ಎಂಬತ್ತೇಳು ವರ್ಷ ತುಂಬಿ, ಕೊನೆಯುಸಿರೆಳೆದರು. ಒಂದು ವಾರದ ಹಿಂದೆ, ಗುಲಾಮರ ವ್ಯಾಪಾರವನ್ನು ನಿಲ್ಲಿಸಲು ಹೋರಾಡುತ್ತಿದ್ದ ವಿಲ್ಬರ್‌ಫೋರ್ಸರಿಗೆ ಧೈರ್ಯ ಹೇಳಿ ಕಾಗದ ಬರೆದಿದ್ದರು. ಜನಸಂದಣಿಗೆ ಹೆದರಿ ಸಂಸ್ಕಾರವನ್ನು ಮಾರ್ಚಿ 9ರ ಬೆಳಗಿನ ಐದು ಗಂಟೆಗೆ, ಇನ್ನೂ ಬೆಳಕು ಹರಿಯುವುದಕ್ಕೆ ಮುಂಚೆ ನಡೆಸಿದರು. ತನ್ನ ಹೆಣಕ್ಕೆ ರಥ ಬೇಡ, ಸಾರೋಟು ಬೇಡ, ಆರು ಮಂದಿ ಬಡವರು ಹೊರಲಿ, ಅವರಿಗೆ ತಲೆಗೆ ಇಪ್ಪತ್ತು ಶಿಲಿಂಗು ಕೊಡಿರಿ ಎಂದು ಅವರು ಉಯಿಲಿನಲ್ಲಿ ಬರೆದಿಟ್ಟಿದ್ದರು.